ಎರಡು ಸಾವಿರದ ಬಾಗಿಲು

ಶುಕ್ರವಾರ ಸಂಜೆ ಹಳೆ ನಾಣ್ಯ ಹರಾಜು ಹಾಕುವ ಕಚೇರಿಯೊಂದರಿಂದ ಮೇಲ್ ಬಂತು. ನಿಮ್ಮ ಅರ್ಜಿ ತಲುಪಿದೆ, ಹೊಸ ಬಿಡ್ಡರ್ ನೋಂದಣಿ ಶುಲ್ಕ 2,000 ರೂಪಾಯಿ ಕಟ್ಟಿದರೆ ಪ್ಯಾಡಲ್ ನಂಬರ್, ಅಂದರೆ ಹರಾಜಿನಲ್ಲಿ ಕೂಗಲು ಬೇಕಾದ ನಂಬರ್, ಕಳಿಸುತ್ತೇವೆ ಅಂತ. ಹರಾಜು ಇದ್ದದ್ದು ಭಾನುವಾರ. ನಾನು ಕಣ್ಣು ಹಾಕಿದ್ದ ನಾಣ್ಯಕ್ಕೆ ಕ್ಯಾಟಲಾಗಿನಲ್ಲಿ ಅವರೇ ಕೊಟ್ಟಿದ್ದ ಅಂದಾಜು 3,000ದಿಂದ 4,000. ನಾಣ್ಯದ ಅರ್ಧ ದುಡ್ಡನ್ನು ಹೊಸ್ತಿಲಲ್ಲೇ ಇಟ್ಟು ಒಳಗೆ ಬಾ ಅಂದ ಹಾಗಾಯಿತು.

ಪ್ಯಾನ್ ಕಾರ್ಡ್ ಕಳಿಸಿದ್ದೆ. ಆಧಾರ್ ಕಳಿಸಿದ್ದೆ. ವಿಳಾಸಕ್ಕೆ ಕರೆಂಟ್ ಬಿಲ್ಲನ್ನೂ ಕಳಿಸಿದ್ದೆ. ಹೆಣ್ಣು ನೋಡಲು ಹೋದಾಗಲೂ ನನ್ನ ಬಗ್ಗೆ ಇಷ್ಟು ವಿಚಾರಿಸಿರಲಿಲ್ಲ.

ಆ ನಾಣ್ಯದ ಕತೆ ಹೇಳಿಬಿಡುತ್ತೇನೆ. ನಾನು ದುರ್ಗದವನು. 1779ರಲ್ಲಿ ಹೈದರಾಲಿ ಮದಕರಿ ನಾಯಕನಿಂದ ಕೋಟೆ ಕಿತ್ತುಕೊಂಡ. ಆಮೇಲೆ ಅವನ ಮಗ ಟಿಪ್ಪು ಊರೂರುಗಳ ಹೆಸರು ಬದಲಿಸುವಾಗ ನಮ್ಮ ಚಿತ್ರದುರ್ಗವನ್ನೂ ಬಿಡಲಿಲ್ಲ, ಫರ್ರುಖ್‌ಯಾಬ್ ಹಿಸಾರ್ ಅಂತ ಕರೆದ. ಇವತ್ತು ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಆ ಹೆಸರು ಹೇಳಿದರೆ ಯಾವುದೋ ಬಿರಿಯಾನಿ ಹೋಟೆಲ್ ಅಂದುಕೊಳ್ಳುತ್ತಾರೆ. ಆದರೆ ಆ ಕಾಲದ ತಾಮ್ರದ ಪೈಸೆಗಳ ಮೇಲೆ ಹೆಸರು ಹಾಗೇ ಕೂತಿದೆ. ಒಂದು ಕಡೆ ಆನೆ, ಇನ್ನೊಂದು ಕಡೆ ಪರ್ಷಿಯನ್ ಅಕ್ಷರದಲ್ಲಿ ನಾಣ್ಯ ಅಚ್ಚು ಹಾಕಿದ ಟಂಕಸಾಲೆಯ ಹೆಸರು. ಟಿಪ್ಪು 1787ರಲ್ಲಿ ಮೌಲೂದಿ ಅನ್ನುವ ತನ್ನದೇ ಲೆಕ್ಕದ ಇಸವಿ ಶುರು ಮಾಡಿ, ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. 1218 ಅನ್ನುವುದು ನಮ್ಮ ಕಣ್ಣಿಗೆ 8121 ಅಂತ ಕಾಣುತ್ತದೆ. ಮೊದಲ ಸಲ ನೋಡಿದಾಗ ನಾನು ಅದನ್ನು ಟಂಕಸಾಲೆಯವರ ತಪ್ಪು ಅಂದುಕೊಂಡಿದ್ದೆ.

ಶಾಲೆಯಲ್ಲಿದ್ದಾಗ ಕೋಟೆ ಹತ್ತಿದರೆ ಮಣ್ಣಿನ ದಪ್ಪ ಗೋಡೆಗಳ ಒಂದು ಜಾಗ ತೋರಿಸಿ, ಇದು ಟಂಕಸಾಲೆ ಅಂತ ಗೈಡುಗಳು ಹೇಳುತ್ತಿದ್ದರು. ನಾವು ಹುಡುಗರು ಅಲ್ಲಿ ಕಡ್ಡಿಯಿಂದ ನೆಲ ಕೆರೆದಿದ್ದೇವೆ. ಸಿಕ್ಕಿದ್ದು ಸೋಡಾ ಬಾಟಲಿ ಮುಚ್ಚಳ. ನಮ್ಮೂರಲ್ಲಿ ಹುಟ್ಟಿದ ಆ ಆನೆಯ ಪೈಸೆ ಒಂದು ನನ್ನ ಬಳಿ ಇರಬೇಕು ಅಂತ ಅನ್ನಿಸಲು ಶುರುವಾಗಿ ಹತ್ತು ಹನ್ನೆರಡು ವರ್ಷ ಆಗಿರಬೇಕು. ನಗರದ, ಅಂದರೆ ಬಿದನೂರಿನ, ಟಂಕಸಾಲೆಯದು ಸಿಗುತ್ತದೆ, ಪಟ್ಟಣದ್ದೂ ಸಿಗುತ್ತದೆ, ಅಂದರೆ ಶ್ರೀರಂಗಪಟ್ಟಣದ್ದು. ದುರ್ಗದ್ದು, ಅದೂ ಹೆಸರು ಪೂರ್ತಿ ಓದಲು ಬರುವಂಥದ್ದು, ನನ್ನ ಕೈಗೆ ಸಿಕ್ಕಿರಲಿಲ್ಲ.

ಶನಿವಾರ ಬೆಳಿಗ್ಗೆ ಆ ಕಚೇರಿಗೆ ಫೋನ್ ಮಾಡಿದೆ. ಜಗಳ ಮಾಡುವ ಮೂಡಿನಲ್ಲೇ ಇದ್ದೆ. ನಮ್ಮ ಕಡೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಮುಕ್ತಿ ಬಾವುಟ ಹರಾಜು ಹಾಕುತ್ತಾರೆ. ಲಕ್ಷಗಟ್ಟಲೆಗೆ ಕೂಗುತ್ತಾರೆ. ಕೂಗುವವರು ಮೊದಲು ಫಾರಂ ತುಂಬಿದ್ದನ್ನು ನಾನಂತೂ ನೋಡಿಲ್ಲ. ಇದನ್ನೇ ಫೋನ್ ಎತ್ತಿದ ಹುಡುಗನಿಗೆ ಹೇಳಿದೆ. ಅವನು ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ.

"ಸರ್, ಅಲ್ಲಿ ಕೂಗಿದವರು ಯಾರು ಅಂತ ಇಡೀ ಜಾತ್ರೆಗೆ ಗೊತ್ತಿರತ್ತೆ. ಇಲ್ಲಿ ನೀವು ನಮಗೆ ಒಂದು ಮೇಲ್ ಐಡಿ."

ಸರಿಯಾದ ಮಾತೇ. ಮೊಬೈಲಿನಲ್ಲಿ ಬಿಡ್ ಮಾಡುವುದು ಬಂದ ಮೇಲೆ ಕೆಲವರು ಸುಮ್ನೆ ಮಜಾಕ್ಕೆ ಒತ್ತುತ್ತಾರಂತೆ. ಲಾಟ್, ಅಂದರೆ ಒಂದು ನಂಬರಿನಡಿ ಹರಾಜಿಗಿಟ್ಟ ನಾಣ್ಯವನ್ನೋ ಗುಂಪನ್ನೋ ಗೆದ್ದು, ಬಿಲ್ ಕಳಿಸಿದರೆ ಫೋನ್ ಸ್ವಿಚ್ ಆಫ್. ನಾಣ್ಯ ಕೊಟ್ಟ ಮಾಲೀಕ ದುಡ್ಡಿಗೆ ಕಾಯುತ್ತಾ ಕೂತಿರುತ್ತಾನೆ. ಎರಡನೇ ಸ್ಥಾನದಲ್ಲಿದ್ದವನು ಅಷ್ಟರಲ್ಲಿ ಬೇರೆ ಏನೋ ಕೊಂಡುಕೊಂಡಿರುತ್ತಾನೆ. ಮುಂದಿನ ಹರಾಜಿಗೆ ಅದೇ ನಾಣ್ಯ ಬಂದರೆ, ಹೋದ ಸಲ ಯಾಕೆ ವಾಪಸ್ ಬಂತು, ಏನೋ ಐಬಿರಬೇಕು ಅಂತ ಬೆಲೆ ಇಳಿಯುತ್ತದೆ.

ಶುಲ್ಕ ವಾಪಸ್ ಬರುತ್ತದಾ ಅಂತ ಕೇಳಿದೆ. ಗೆದ್ದರೆ ಬಿಲ್ಲಿನಲ್ಲಿ ಕಳೆಯುತ್ತೇವೆ, ಗೆಲ್ಲದಿದ್ದರೆ ಇಲ್ಲ ಅಂದ. ಗೆದ್ದು ಹಣ ಕಟ್ಟದಿದ್ದರೂ ಇಲ್ಲ. ಇನ್ನೊಂದು ದಾರಿ ಇದೆ ಸರ್, ನಿಮ್ಮನ್ನು ಬಲ್ಲ ಇಬ್ಬರು ಡೀಲರುಗಳ ರೆಫರೆನ್ಸ್ ಕೊಟ್ಟರೆ ಶುಲ್ಕ ಬೇಡ ಅಂತಲೂ ಹೇಳಿದ.

ನನಗೆ ಗೊತ್ತಿದ್ದದ್ದು ಒಬ್ಬರೇ. ಚಿಕ್ಕಪೇಟೆಯಲ್ಲಿ ಮೆಟ್ಟಿಲು ಹತ್ತಿ ಹೋಗಬೇಕಾದ ಸಣ್ಣ ಅಂಗಡಿ. ಆರು ವರ್ಷದಿಂದ ಅಲ್ಲಿ ಟೀ ಕುಡಿದಿದ್ದೇನೆ, ನಾಣ್ಯ ಕೊಂಡದ್ದು ಕಡಿಮೆ. ಮಧ್ಯಾಹ್ನ ಅಲ್ಲಿಗೇ ಹೋದೆ. ಅವರು ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿದರು.

"ನಿಮ್ಮನ್ನ ನನಗೆ ಚೆನ್ನಾಗಿ ಗೊತ್ತು. ಆದ್ರೆ ಜಾಮೀನು ನಿಲ್ಲಕ್ಕಾಗಲ್ಲ. ನಾಳೆ ನೀವು ಕೈ ಎತ್ತಿದ್ರೆ ಅವರು ನನ್ನ ಕೇಳ್ತಾರೆ."

ಬೇಜಾರಾಯಿತು, ಆದರೆ ಅವರು ಕೂರಿಸಿಕೊಂಡು ಒಂದಿಷ್ಟು ವಿಷಯ ಹೇಳಿದರು. ಕೆಲವು ಕಡೆ ಠೇವಣಿ ತೆಗೆದುಕೊಂಡು ಹರಾಜು ಮುಗಿದ ಮೇಲೆ ವಾಪಸ್ ಕೊಡುತ್ತಾರೆ. ಕೆಲವರು ಏನೂ ಕೇಳುವುದಿಲ್ಲ, ಬದಲಿಗೆ ಹೊಸಬರಿಗೆ ಬಿಡ್ ಮಾಡಲು ಒಂದು ಮಿತಿ ಹಾಕುತ್ತಾರೆ. 100 ವರ್ಷ ದಾಟಿದ ನಾಣ್ಯವನ್ನು 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೀವಾಗಲಿ ನಾನಾಗಲಿ ದೇಶದ ಹೊರಗೆ ಕಳಿಸುವ ಹಾಗಿಲ್ಲ. ಹಾಗಾಗಿ ಇಂಥ ಹರಾಜಿನಲ್ಲಿ ಕೂಗುವವರೆಲ್ಲ ನಮ್ಮವರೇ, ಒಬ್ಬರಿಗೊಬ್ಬರು ಮುಖ ಪರಿಚಯ ಇರುವವರೇ. ಹೊಸ ಮುಖ ತಕ್ಷಣ ಎದ್ದು ಕಾಣುತ್ತದೆ ಅಂದರು. ಕೊನೆಗೆ, ಯಾವ ಲಾಟ್ ಮೇಲೆ ಕಣ್ಣು ಅಂತ ಕೇಳಿದರು. ಹೇಳಿದೆ. ಪರವಾಗಿಲ್ಲ, ಒಳ್ಳೆ ಪೀಸು ಅಂದರು.

ಮೆಟ್ಟಿಲು ಇಳಿಯುತ್ತಲೇ ಮೊಬೈಲಿನಲ್ಲಿ 2,000 ಕಳಿಸಿದೆ.

ಭಾನುವಾರ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತೆ. ಹೆಂಡತಿ ಅವರೆಕಾಳು ಬಿಡಿಸುತ್ತಾ ಪಕ್ಕದಲ್ಲಿದ್ದಳು. ನನ್ನ ಲಾಟ್ ನಂಬರ್ ನಾನೂರರ ಮೇಲಿತ್ತು. ಮೂರು ಗಂಟೆ ಕಾದೆ. ಗುಪ್ತರ ಚಿನ್ನ, ಮೊಘಲರ ಬೆಳ್ಳಿ, ಕಂಠೀರವ ನರಸರಾಜರ ಕಂಠೀರವ ಹಣ, ಅದು ಕಡಲೆಬೇಳೆಯಷ್ಟೂ ಇರುವುದಿಲ್ಲ, ಎಲ್ಲ ಕಣ್ಮುಂದೆ ಹೋದವು. ನನಗೆ ಮಿತಿ ಹಾಕಿಕೊಂಡಿದ್ದೆ, 6,000. ಒಂದು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿದ್ದೆ ಕೂಡ.

ದುರ್ಗದ ಆನೆ ಬಂತು. 3,000ಕ್ಕೆ ಶುರು. ನಾನು ಒತ್ತಿದೆ. ಯಾರೋ ಒತ್ತಿದರು. 4,000 ದಾಟಿತು. 5,000. ಪರದೆಯ ಮೇಲೆ ಎದುರಿನವರ ಹೆಸರು ಕಾಣುವುದಿಲ್ಲ, ಬರೀ ಮೊತ್ತ ಕಾಣುತ್ತದೆ. 6,000ಕ್ಕೆ ನಾನಿದ್ದೆ. 6,500 ಅಂತ ಬಂತು. ಚೀಟಿ ನೋಡಿದೆ. ಚೀಟಿಯನ್ನು ಮರೆತು 7,000 ಒತ್ತಿದೆ. 7,500. ಅಲ್ಲಿಗೆ ಕೈ ನಿಂತಿತು. ಸುತ್ತಿಗೆ ಬಿತ್ತು.

"ಹೋಗ್ಲಿ ಬಿಡಿ" ಅಂದಳು ಹೆಂಡತಿ. ಅಷ್ಟಕ್ಕೇ ಲ್ಯಾಪ್‌ಟಾಪ್ ಮುಚ್ಚಿದ್ದರೆ ಈ ಬರಹ ಇರುತ್ತಿರಲಿಲ್ಲ. ಆದರೆ ತಲೆಯಲ್ಲಿ ಆ 2,000 ಕೂತುಬಿಟ್ಟಿತ್ತು. ಏನಾದರೂ ಗೆದ್ದರೆ ಬಿಲ್ಲಿನಲ್ಲಿ ಕಳೆಯುತ್ತಾರೆ, ಗೆಲ್ಲದಿದ್ದರೆ ನೀರಲ್ಲಿ ಹೋಮ. ಮದುವೆ ಮನೆಗೆ ಮುಯ್ಯಿ ಕೊಟ್ಟು ಊಟ ಮಾಡದೆ ಬರುತ್ತೀವಾ?

ಇಪ್ಪತ್ತು ಲಾಟ್ ಆದ ಮೇಲೆ ಮೈಸೂರಿನ ತಾಮ್ರದ ಗುಂಪೊಂದು ಬಂತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಹತ್ತು ಕಾಸುಗಳು. ಮೇಲೆ ಆನೆ, ಅದರ ಮೇಲೆ ಶ್ರೀ. ಇನ್ನೊಂದು ಬದಿಗೆ ಕನ್ನಡದಲ್ಲಿ ಮಯಿಲಿ ಕಾಸು ಅಂತಲೂ ಇಂಗ್ಲಿಷಿನಲ್ಲಿ ಕ್ಯಾಶ್ ಅಂತಲೂ ಇರುತ್ತದೆ. ಕನ್ನಡ ಅಕ್ಷರ ಇದೆಯಲ್ಲ, ಸಾಕು ಅಂದುಕೊಂಡೆ. ಫೋಟೋ ದೊಡ್ಡದು ಮಾಡಿ ನೋಡಲಿಲ್ಲ. ಹಿಂದೆ ಎಷ್ಟಕ್ಕೆ ಹೋಗಿತ್ತು ಅಂತ ಹುಡುಕಲಿಲ್ಲ. ಒತ್ತುತ್ತಾ ಹೋದೆ. ಎದುರಿಗೂ ಯಾರೋ ನನ್ನ ಹಾಗೇ ಇದ್ದಿರಬೇಕು. 14,000ಕ್ಕೆ ಸುತ್ತಿಗೆ ನನ್ನ ಪಾಲಿಗೆ ಬಿತ್ತು. ಅವರೆಕಾಳು ಬಿಡಿಸುವ ಸದ್ದು ನಿಂತಿತು.

ರಾತ್ರಿ ಬಿಲ್ ಬಂತು. ಸುತ್ತಿಗೆ ಬೆಲೆ 14,000. ಅದರ ಮೇಲೆ ಹರಾಜಿನವರ ಪಾಲು ಶೇ. 15 ಪ್ರೀಮಿಯಂ, 2,100. ಮೇಲೆ ಜಿಎಸ್‌ಟಿ, ಕೊರಿಯರ್, ವಿಮೆ. ಎಲ್ಲ ಸೇರಿ 18 ಸಾವಿರ ಚಿಲ್ಲರೆ. ಅದರಲ್ಲಿ ನನ್ನ 2,000 ಕಳೆದಿದ್ದರು, ಪಾಪ. ಕಟ್ಟಲು ಏಳು ದಿನ ಗಡುವು.

ಈಗ ಫೋಟೋ ದೊಡ್ಡದು ಮಾಡಿ ನೋಡಿದೆ. ಹತ್ತರಲ್ಲಿ ಮೂರು ಪರವಾಗಿಲ್ಲ. ಉಳಿದವು ತಿಕ್ಕಿ ತಿಕ್ಕಿ ಆನೆಯೋ ಎಮ್ಮೆಯೋ ತಿಳಿಯದ ಹಾಗಾಗಿದ್ದವು. ಬಿಡಿಯಾಗಿ ಕೊಂಡರೂ ಈ ದುಡ್ಡಿಗೆ ಇದಕ್ಕಿಂತ ಒಳ್ಳೆಯವು ಬರುತ್ತಿದ್ದವು.

ಆಗ ನನ್ನ ತಲೆಗೆ ಬಂದ ಲೆಕ್ಕ ಇದು. ಕಟ್ಟಿದರೆ ಇನ್ನೂ 16 ಸಾವಿರ ಹೋಗುತ್ತದೆ. ಕಟ್ಟದಿದ್ದರೆ ಹೋಗುವುದು ಆ 2,000, ಅದು ಹೇಗೂ ಹೋಗಿಯಾಗಿದೆ. ಶುಲ್ಕ ಇಲ್ಲದೆ ನನ್ನನ್ನು ಒಳಗೆ ಬಿಟ್ಟಿದ್ದರೆ ಮಾತಿಗೆ ತಪ್ಪುವ ಯೋಚನೆ ಬರುತ್ತಿತ್ತೋ ಇಲ್ಲವೋ. ಈಗ ಮಾತಿಗೆ ತಪ್ಪಲು ಎಷ್ಟು ಅಂತ ಅವರೇ ರೇಟು ಬರೆದು ಕೈಗೆ ಕೊಟ್ಟ ಹಾಗಿತ್ತು, ಅದೂ ಮುಂಗಡವಾಗಿ ಪಾವತಿ ಮಾಡಿಸಿಕೊಂಡು. ನಾಚಿಕೆ ಆಗಬೇಕಿತ್ತು, ಆದರೆ ಆ ಹೊತ್ತಿಗೆ ಅನ್ನಿಸಿದ್ದು, ಅಬ್ಬಾ ಬರೀ ಎರಡು ಸಾವಿರ!

ಮೇಲ್ ಕೂಡ ಬರೆದೆ. "ಸರ್, ಮಗಳು ಆಟವಾಡುತ್ತಾ ಬಟನ್ ಒತ್ತಿಬಿಟ್ಟಿದ್ದಾಳೆ." ಮಗಳು ಪಿಯುಸಿ ಓದುತ್ತಿದ್ದಾಳೆ, ಆ ಹೊತ್ತಿಗೆ ಟ್ಯೂಷನ್‌ನಲ್ಲಿದ್ದಳು. ಅದು ಅಳಿಸಿ ನೆಟ್‌ವರ್ಕ್ ತೊಂದರೆ ಅಂತ ಬರೆದೆ. ಅದೂ ಸರಿ ಕಾಣಲಿಲ್ಲ. ವಕೀಲ ಗೆಳೆಯನಿಗೆ ಫೋನ್ ಮಾಡಿದೆ. ಅವನು ಹೇಳಿದ್ದು ಒಂದೇ ಮಾತು. 1930ರ ಸರಕು ಮಾರಾಟ ಕಾಯ್ದೆ, 64ನೇ ಕಲಂ. ಸುತ್ತಿಗೆ ಬೀಳುವ ತನಕ ಕೂಗನ್ನು ವಾಪಸ್ ತೆಗೆದುಕೊಳ್ಳಬಹುದು. ಬಿದ್ದ ಮೇಲೆ ವ್ಯಾಪಾರ ಮುಗಿಯಿತು.

"ಬಿದ್ದಾಗಿದೆಯಾ?"

"ಬಿದ್ದಾಗಿದೆ."

"ಮತ್ತೆ ನನಗ್ಯಾಕೆ ಫೋನ್ ಮಾಡಿದೆ?"

ನಾಲ್ಕನೇ ದಿನ ಹಣ ಕಟ್ಟಿದೆ. ಆತ್ಮಸಾಕ್ಷಿ ಎಚ್ಚರವಾಯಿತು ಅಂತ ಬರೆಯುವ ಆಸೆ ಇದೆ. ನಿಜ ಹೇಳಬೇಕೆಂದರೆ ನನ್ನ ಪ್ಯಾನ್, ಆಧಾರ್, ಕರೆಂಟ್ ಬಿಲ್ ಮೂರೂ ಅವರ ಬಳಿ ಇದ್ದವು. ಜೊತೆಗೆ ಚಿಕ್ಕಪೇಟೆಯವರ ಆ ಮಾತು, "ನಾಳೆ ನೀವು ಕೈ ಎತ್ತಿದ್ರೆ". ಜಾಮೀನು ನಿಲ್ಲದಿದ್ದವರ ಮುಂದೆ ಅವರ ಅನುಮಾನವೇ ಸರಿ ಅಂತ ತೋರಿಸಿಕೊಳ್ಳುವುದು ನನಗೆ 16 ಸಾವಿರಕ್ಕಿಂತ ಜಾಸ್ತಿ ಅನ್ನಿಸಿತು.

ಕಾಸುಗಳು ಬಂದವು. ಹಳೆ ಪೇಪರಿನ ಮೇಲೆ ಹರಡಿ ಭೂತಗನ್ನಡಿ ಹಿಡಿದೆ. ಒಂದರ ಮೇಲೆ ಮಯಿಲಿ ಅನ್ನುವುದು ಚೆನ್ನಾಗಿ ಉಳಿದಿತ್ತು. ಮೈಸೂರು ಸಂಸ್ಥಾನದ ಟಂಕಸಾಲೆ 1843ರಲ್ಲಿ ಮುಚ್ಚಿತು. ಅದಕ್ಕೂ ಮುಂಚೆ ಯಾರೋ ಕನ್ನಡ ಬಲ್ಲವರು ಅಚ್ಚು ಕೆತ್ತುವಾಗ ಅಕ್ಷರ ಕೂರಿಸಲು ಪಟ್ಟ ಪಾಡು ಅದರಲ್ಲಿ ಕಾಣುತ್ತದೆ. ಮಗಳು ಬಂದು, ಸ್ಪೆಲಿಂಗ್ ಹಿಂಗಾ ಅಂತ ಕೇಳಿ ಹೋದಳು.

ಎರಡು ತಿಂಗಳಾದ ಮೇಲೆ ಚಿಕ್ಕಪೇಟೆಗೆ ಹೋದೆ. ಟೀ ಬರುವ ಮೊದಲು ಸುಮ್ನೆ ಗಾಜಿನ ಟ್ರೇ ಮೇಲೆ ಕಣ್ಣಾಡಿಸಿದೆ. ಆನೆ. ತಿರುಗಿಸಿದೆ. ಫರ್ರುಖ್‌ಯಾಬ್ ಹಿಸಾರ್. ಅಂಚಿನಲ್ಲಿ ಸಣ್ಣ ಏಟು, ಕ್ಯಾಟಲಾಗಿನ ಫೋಟೋದಲ್ಲಿ ನಾನು ನೂರು ಸಲ ನೋಡಿದ್ದ ಅದೇ ಏಟು.

ಅವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

"ನಿಮಗೇ ಅಂತ ಎತ್ತಿಟ್ಟಿದ್ದೆ" ಅಂದರು.

"ಎಷ್ಟು?"

"ಬೇರೆಯವರಿಗೆ 11. ನಿಮಗೆ ಒಂಬತ್ತೂವರೆ."

"ನೋಂದಣಿ ಶುಲ್ಕ?"

ಅವರು ಕನ್ನಡಕ ತೆಗೆದು ಒರೆಸುತ್ತಾ ಕಿಟಕಿಯಿಂದ ಕೆಳಗೆ ಕೂಗಿದರು, ಎರಡು ಟೀ, ಒಂದಕ್ಕೆ ಸಕ್ಕರೆ ಕಮ್ಮಿ.