ಒಂದು ಮೀಟರಿನ ಚೆಂಡು ತೇಲಿದ ಕಡಲು

ಕೆನಡಾದ ಹ್ಯಾಲಿಫ್ಯಾಕ್ಸಿಗೆ ಹೋದವರೆಲ್ಲ ಪೆಗ್ಗೀಸ್ ಕೋವಿನ ದೀಪಸ್ತಂಭ ನೋಡಿ ಬರುತ್ತಾರೆ. ನನಗೆ ಅಲ್ಲೇ ಹತ್ತಿರದ ಕೌ ಬೇ ಅನ್ನುವ ಕಡಲತೀರದ ಊರು ನೋಡಬೇಕಿತ್ತು. ನವೆಂಬರ್ ಚಳಿ. ಭಾವ ಕಾರಿನಲ್ಲಿ ಸೇತುವೆ ದಾಟಿಸಿ, ಡಾರ್ಟ್‌ಮತ್, ಈಸ್ಟರ್ನ್ ಪ್ಯಾಸೇಜ್ ಹಾದು ಅಲ್ಲಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಮೂಸ್ ಅನ್ನುವ ಭಾರೀ ಜಿಂಕೆಯ ದೊಡ್ಡ ಕಾಂಕ್ರೀಟ್ ಪ್ರತಿಮೆ, ಆಮೇಲೆ ಸಿಲ್ವರ್ ಸ್ಯಾಂಡ್ಸ್ ಅನ್ನುವ ತೀರ. ಮರಳು ಹೆಸರಲ್ಲಿ ಮಾತ್ರ, ಕಾಲಡಿ ಪೂರ್ತಿ ಉರುಟು ಕಲ್ಲು.

1993ರ ನವೆಂಬರಿನಲ್ಲಿ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಇಲ್ಲೇ ಪಕ್ಕದ ಆಸ್ಬೋರ್ನ್ ಹೆಡ್‌ನಲ್ಲಿ, ನೀರಿಂದ ಸುಮಾರು 30 ಮೀಟರ್ ಎತ್ತರದಲ್ಲಿ, ಐಪಿಕ್ಸ್ ಅನ್ನುವ ತಮ್ಮ ಸಂಶೋಧನಾ ರೇಡಾರನ್ನು ಕಡಲಿಗೆ ಮುಖ ಮಾಡಿ ನಿಲ್ಲಿಸಿದ್ದರು. ಎರಡೂವರೆ ಕಿಲೋಮೀಟರಿಗಿಂತ ಆಚೆ, ಒಂದು ಮೀಟರ್ ಅಗಲದ ಥರ್ಮೋಕೋಲ್ ಚೆಂಡಿಗೆ ತಂತಿ ಬಲೆ ಸುತ್ತಿ ತೇಲಿಬಿಟ್ಟಿದ್ದರು. ಅಲೆಗಳ ಗದ್ದಲದಲ್ಲಿ ಆ ಚೆಂಡನ್ನು ಹುಡುಕಬೇಕು, ಅಷ್ಟೇ. ಸೆಕೆಂಡಿಗೆ 1000 ಪಲ್ಸ್, ಅಂದರೆ ರೇಡಿಯೋ ಅಲೆಯ ಚಿಕ್ಕ ಮಿಡಿತಗಳು; ಮರಳಿ ಬಂದದ್ದನ್ನು ದಾಖಲಿಸಿದ ಒಂದೊಂದು ಫೈಲೂ ಸುಮಾರು 131 ಸೆಕೆಂಡ್. ಆ ಫೈಲುಗಳ ಜೊತೆ ನಾನು ನಾಲ್ಕು ವರ್ಷ ಕಳೆದಿದ್ದೇನೆ, ಕಡಲನ್ನು ಮಾತ್ರ ನೋಡಿರಲಿಲ್ಲ.

ಅಷ್ಟು ದೂರಕ್ಕೆ ರೇಡಾರಿನ ನೋಟ ನೀರಿಗೆ ಒಂದು ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಬೀಳುತ್ತದೆ, ಹೆಚ್ಚುಕಡಿಮೆ ನೀರನ್ನು ಸವರಿಕೊಂಡೇ ಹೋಗುತ್ತದೆ. ಚೆಂಡು ಅಲೆಯ ತಗ್ಗಿಗಿಳಿದರೆ ಮರೆಯಾಗುತ್ತದೆ. ಅದೇ ಹೊತ್ತಿಗೆ ಪಕ್ಕದಲ್ಲಿ ಒಡೆಯುವ ಒಂದು ಅಲೆ ಚೆಂಡಿಗಿಂತ ಜೋರಾಗಿ ಪ್ರತಿಧ್ವನಿ ಕಳಿಸಬಹುದು. ಸುತ್ತಲಿನ ಸರಾಸರಿಗಿಂತ ಎಷ್ಟೋ ಪಟ್ಟು ಜಾಸ್ತಿ ಬಂದರೆ "ವಸ್ತು ಇದೆ" ಅನ್ನುವ ಮಾಮೂಲಿ ವಿಧಾನ ಇಲ್ಲೇ ಮೋಸಹೋಗುವುದು. ಮಿತಿ ಮೇಲಿಟ್ಟರೆ ಚೆಂಡು ಹೋಯ್ತು, ಕೆಳಗಿಟ್ಟರೆ ಬರೀ ಸುಳ್ಳು ಎಚ್ಚರಿಕೆ. ಬೋಟಿನ ರೇಡಾರಿನಲ್ಲೂ ಅಲೆಗಳ ಪ್ರತಿಧ್ವನಿ ತಗ್ಗಿಸುವ ಸೀ ಕ್ಲಟರ್ ಅಂತ ಒಂದು ಗುಂಡಿ ಇರುತ್ತದಲ್ವಾ, ಅದನ್ನು ಸ್ವಲ್ಪ ಜಾಸ್ತಿ ತಿರುಗಿಸಿದರೆ ಅಲೆಯ ಜೊತೆ ಹತ್ತಿರದ ಸಣ್ಣ ದೋಣಿಯೂ ಸ್ಕ್ರೀನಿಂದ ಅಳಿಸಿಹೋಗುತ್ತದೆ. ಆ ದೋಣಿಯಲ್ಲಿ ಜನ ಇರುತ್ತಾರೆ. ನನಗೆ ಈ ಕೆಲಸ ಸುಮ್ನೆ ಲೆಕ್ಕ ಅಂತ ಯಾವತ್ತೂ ಅನಿಸಿಲ್ಲ.

ಆಸ್ಬೋರ್ನ್ ಹೆಡ್ ಸೇನೆಯ ಗುಂಡು ಹಾರಿಸುವ ಜಾಗ, ಹಾಗಾಗಿ ದೂರದಿಂದಲೇ ನೋಡಿದೆ. ಗಾಳಿಗೆ ಕಣ್ಣಲ್ಲಿ ನೀರು.

"ಅದೋ, ಕಪ್ಪಗೆ ಏನೋ ತೇಲ್ತಾ ಇದೆ ನೋಡು," ಅಂದರು ಭಾವ.

"ಎಲ್ಲಿ ಭಾವ?"

ಅಷ್ಟರಲ್ಲಿ ಇಲ್ಲ. ಮತ್ತೆ ಬಂತು, ಮತ್ತೆ ಹೋಯಿತು. ಮೊಬೈಲಿನಲ್ಲಿ 131 ಸೆಕೆಂಡ್ ಇಟ್ಟುಕೊಂಡು ಇಬ್ಬರೂ ಲೆಕ್ಕ ಹಾಕಿದೆವು. ನನಗೆ ಒಂಬತ್ತು ಸಲ ಕಾಣಿಸಿತು, ಭಾವನಿಗೆ ಹದಿನಾಲ್ಕು. ಅವರು ಎಣಿಸಿದ್ದರಲ್ಲಿ ಎರಡು ಬರೀ ಅಲೆಯ ನೆರಳು, ನಾನೇ ನೋಡಿದ್ದೆ. ಉಳಿದ ಮೂರು ನನ್ನ ಕಣ್ಣು ತಪ್ಪಿಸಿಕೊಂಡವು.

ಕೊನೆಗೆ ಅದು ರೆಕ್ಕೆ ಬಡಿದು ಎದ್ದು, ನೀರಿಗೆ ತಾಗುವಷ್ಟು ಕೆಳಗೇ ಹಾರಿಹೋಯಿತು. ಬಾತುಕೋಳಿ.