ಎಡಗಡೆಯ ಕಿವಿ ಮುರಿದ ಕ್ಯಾಸೆಟ್ಟು

ವಾರ್ಷಿಕೋತ್ಸವದ ದಿನ ಕ್ರಾಫ್ಟ್ ಮೇಷ್ಟ್ರು ಪರದೆಯ ಹಿಂದೆ ಟೇಪ್ ರೆಕಾರ್ಡರ್ ಮುಂದೆ ಕೂತರೆಂದರೆ ಮುಖ್ಯೋಪಾಧ್ಯಾಯರೂ ಆ ಕಡೆ ಸುಳಿಯುತ್ತಿರಲಿಲ್ಲ. ಬೆಂಚಿನ ಮೇಲೆ ಕ್ಯಾಸೆಟ್ಟುಗಳ ಸಾಲು, ಒಂದು ಡ್ಯಾನ್ಸಿಗೆ ಒಂದೇ ಕ್ಯಾಸೆಟ್ಟು. ನಾಲ್ಕು ಹಾಡು ಒಂದರಲ್ಲೇ ತುಂಬಿಸಿ ತಂದರೆ ವಾಪಸ್ಸು. "ನೀನು ಹಾಡು ಹುಡುಕೋ ಹೊತ್ತಿಗೆ ಜನ ಸಿಳ್ಳೆ ಹೊಡೀತಾರೆ ಕಣೋ." ಕ್ಯಾಸೆಟ್ಟಿನ ಶುರುವಿನಲ್ಲಿ ಐದಾರು ಸೆಕೆಂಡಿನಷ್ಟು ಬಣ್ಣವಿಲ್ಲದ ಪಟ್ಟಿಯಿರುತ್ತದೆ. ಅದರ ಮೇಲೆ ಏನೂ ರೆಕಾರ್ಡ್ ಆಗುವುದಿಲ್ಲ. ಕಂದು ಟೇಪು, ಹಾಡನ್ನು ಬರೆಯುವ-ಓದುವ ಹೆಡ್ಡಿನ ಎದುರಿಗೆ ಬರುವವರೆಗೆ ಪೆನ್ನಿನಿಂದ ಸುತ್ತಿಟ್ಟುಕೊಳ್ಳದಿದ್ದರೆ ಹಾಡಿನ ಮೊದಲ ಮಾತೇ ನುಂಗಿಹೋಗುತ್ತದೆ, ಕೈ ಎತ್ತಿ ನಿಂತ ಹುಡುಗಿಯರು ನಿಂತೇ ಇರುತ್ತಾರೆ. ಈಗಿನ ವಾರ್ಷಿಕೋತ್ಸವದಲ್ಲಿ ಮೊಬೈಲಿನಿಂದ ಹಾಡು ಬರುತ್ತದೆ. ಹೋದ ವರ್ಷ ಕೋಲಾಟದ ನಡುವೆ ಯಾರದೋ ಫೋನ್ ಬಂದು ಹಾಡು ನಿಂತಿತು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಬೇಕೆಂದು ಅಲ್ಲಿದ್ದ ಒಬ್ಬರಿಗೂ ಹೊಳೆದಿರಲಿಲ್ಲ. ಮೇಷ್ಟ್ರು ಇದ್ದಿದ್ದರೆ ಹೊಳೆಯುತ್ತಿತ್ತು.

ಅವರು ತೀರಿಕೊಂಡ ಮೇಲೆ ಮನೆಯವರು ಅವರ ಕ್ಯಾಸೆಟ್ ಪೆಟ್ಟಿಗೆಯನ್ನು ಶಾಲೆಗೆ ಕೊಟ್ಟಿದ್ದಾರೆ. ಶಾಲೆಯ ಈ ಸಂಚಿಕೆಗೆ ಬರೆಯಿರಿ ಎಂದಾಗ ನೆನಪಾದದ್ದೂ ಅದೇ ಪೆಟ್ಟಿಗೆ. ಪಾಠದಲ್ಲಿ ಏನಿತ್ತೋ, ಒಂದು ಸಾಲೂ ತಲೆಯಲ್ಲಿಲ್ಲ.

ಎಂಬತ್ತರ ದಶಕ ಹಾಡಿನ ದಶಕ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದ ಮೇಲೆ ಭಾವಗೀತೆ ಮನೆಯೊಳಗೆ ಕೂತುಬಿಟ್ಟಿತ್ತು. ಮೇಷ್ಟ್ರ ಒಲವು ಆ ಕಡೆ. ಹುಡುಗರ ಒಲವು ಬೇರೆ. 1987ರಲ್ಲಿ ‘ಪ್ರೇಮಲೋಕ’ ಬಂತು. ಹಂಸಲೇಖ ಆಡುಮಾತನ್ನೇ ಹಾಡು ಮಾಡಿಟ್ಟಿದ್ದರು, ಕೇಳಿದವರಿಗೆ ಎರಡೇ ಸಲಕ್ಕೆ ಬಾಯಿಪಾಠ. ಬ್ಯಾಗಿ ಪ್ಯಾಂಟು ಹೊಲಿಸಿಕೊಳ್ಳಲು ದರ್ಜಿಯ ಹತ್ತಿರ ಸರತಿ, ಹಾಡು ತುಂಬಿಸಿಕೊಳ್ಳಲು ಬಸ್ ಸ್ಟ್ಯಾಂಡ್ ಪಕ್ಕದ ರೆಕಾರ್ಡಿಂಗ್ ಅಂಗಡಿಯಲ್ಲಿ ಸರತಿ. ಹಾಡಿನ ಪಟ್ಟಿ ಬರೆದು, ಖಾಲಿ ಕ್ಯಾಸೆಟ್ ಕೊಟ್ಟು ಬಂದರೆ ಮೂರನೇ ದಿನ ಸಿಗುತ್ತಿತ್ತು. ಅರವತ್ತು ನಿಮಿಷದ್ದರಲ್ಲಿ ಒಂದು ಬದಿಗೆ ಮೂವತ್ತು ನಿಮಿಷ. ಐದೈದು ನಿಮಿಷದ ಆರು ಹಾಡು ಸಲೀಸು. ಆಸೆಪಟ್ಟು ಏಳನೆಯದು ಬರೆದವನಿಗೆ ಪಲ್ಲವಿ ಮಾತ್ರ, ಚರಣಕ್ಕೆ ಟಕ್ ಎಂದು ನಿಲ್ಲುತ್ತಿತ್ತು.

ತೊಂಬತ್ತು ನಿಮಿಷದ್ದೇ ತಗೊಳ್ಳಬಹುದಲ್ಲ ಅಂದರೆ ಮೇಷ್ಟ್ರು ಒಪ್ಪುತ್ತಿರಲಿಲ್ಲ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅರವತ್ತರದ್ದಕ್ಕೆ ಸುಮಾರು 86 ಮೀಟರ್ ಸಾಕು, ತೊಂಬತ್ತರದ್ದಕ್ಕೆ 128 ಮೀಟರ್ ಬೇಕು. ಡಬ್ಬಿಯೇನೂ ದೊಡ್ಡದಾಗುವುದಿಲ್ಲ, ಹಾಗಾಗಿ ಟೇಪನ್ನೇ ತೆಳ್ಳಗೆ ಮಾಡಿರುತ್ತಾರೆ. ತೆಳ್ಳಗಿನದು ಬೇಗ ಎಳೆದುಕೊಳ್ಳುತ್ತದೆ, ಬೇಗ ಸಿಕ್ಕಿಕೊಳ್ಳುತ್ತದೆ. ವರ್ಷಗಟ್ಟಲೆ ಹಾಕದೆ ಇಟ್ಟರೆ ಒಂದು ಸುತ್ತಿನ ಹಾಡು ಪಕ್ಕದ ಸುತ್ತಿಗೆ ಅಂಟಿ, ಹಾಡು ಶುರುವಾಗುವ ಮುಂಚೆಯೇ ಅದರ ದೆವ್ವ ಸಣ್ಣಗೆ ಕೇಳುತ್ತದೆ. ನಮ್ಮ ಬ್ಯಾಚಿನವರ ಕಿವಿಗೆ ಅದು ಈಗಲೂ ಥಟ್ಟನೆ ಸಿಗುತ್ತದೆ, ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ.

ಟೇಪು ಸಿಕ್ಕಿಕೊಳ್ಳುವುದು ಅಂದಿನ ದೊಡ್ಡ ಸಂಕಟ. ಹಾಡು ಎಳೆದೆಳೆದು ಬಂದರೆ ಬ್ಯಾಟರಿ ಶೆಲ್ಲು ಮುಗಿದಿದೆ ಎಂದು ಎಲ್ಲರೂ ಅಂದುಕೊಳ್ಳುತ್ತಿದ್ದರು. ಒಳಗೆ ನಡೆಯುತ್ತಿರುವುದು ಬೇರೆಯೂ ಇರಬಹುದು: ಬಲಗಡೆಯ ಚಕ್ರವನ್ನು ತಿರುಗಿಸುವ ಬೆಲ್ಟು ಸಡಿಲವಾಗಿ, ಬಂದ ಟೇಪನ್ನು ಎಳೆದುಕೊಳ್ಳುವವರಿಲ್ಲದೆ ಅದು ರಬ್ಬರ್ ರೋಲರಿಗೆ ಸುತ್ತಿಕೊಳ್ಳುತ್ತಿರುತ್ತದೆ. ಆಗ ಮುಚ್ಚಳ ತೆಗೆದು ಕ್ಯಾಸೆಟ್ಟನ್ನು ಕಿತ್ತರೆ ಕರುಳು ಹೊರಗೆ. "ಎಳೀಬೇಡ್ರೋ, ಬಿಡಿಸ್ರೋ!" ಮೇಷ್ಟ್ರ ಈ ಕೂಗು ಕಾರಿಡಾರಿನ ಆ ತುದಿಗೂ ಕೇಳುತ್ತಿತ್ತು. ಮೊದಲು ಸ್ಟಾಪ್. ಆಮೇಲೆ ರೋಲರನ್ನು ಬೆರಳಿನಿಂದ ಹಿಂದಕ್ಕೆ ತಿರುಗಿಸುತ್ತ ಒಂದೊಂದೇ ಸುತ್ತು ಬಿಚ್ಚಬೇಕು. ಕೊನೆಗೆ ಆರು ಮೂಲೆಯ ಪೆನ್ನನ್ನು ಚಕ್ರದ ಆರು ಹಲ್ಲಿಗೆ ಸಿಕ್ಕಿಸಿ ಸುತ್ತಬೇಕು. ಪೆನ್ಸಿಲ್ ಕೆಲವು ಕ್ಯಾಸೆಟ್ಟಿಗೆ ಸಡಿಲವಾಗಿ ಜಾರುತ್ತದೆ. ಸುತ್ತುವಾಗ ಟೇಪು ಒಮ್ಮೆ ಮಗುಚಿಕೊಂಡರೆ ಎ ಸೈಡಿನಲ್ಲಿ ಬಿ ಸೈಡಿನ ಹಾಡು ಹಿಂದುಮುಂದಾಗಿ, ಕಂಬಳಿಯೊಳಗಿಂದ ಬಂದಂತೆ ಕೇಳುತ್ತದೆ. ಹುಡುಗರು ಅದನ್ನು ಮಾಟ ಅಂದುಕೊಂಡಿದ್ದೂ ಉಂಟು.

ಹರಿದರೆ ಅಂಟಿಸುವ ಕ್ರಮ ಇದು. ಎರಡೂ ತುದಿಯನ್ನು ಒಂದರ ಮೇಲೊಂದಿಟ್ಟು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಎದುರುಬದುರು ಜೋಡಿಸಬೇಕು. ನೇರವಾಗಿ ಕತ್ತರಿಸಿದರೆ ಕೀಲು ಹೆಡ್ಡನ್ನು ದಾಟುವಾಗ ‘ಟಪ್’ ಅನ್ನುತ್ತದೆ. ಹೆಡ್ಡಿಗೆ ತಾಗುವುದು ಟೇಪಿನ ಹೊರಮುಖ, ಆದ್ದರಿಂದ ಅಂಟುಪಟ್ಟಿ ಒಳಮುಖಕ್ಕೆ. ಪಟ್ಟಿ ಕೂದಲೆಳೆಯಷ್ಟೂ ಆಚೆ ಈಚೆ ಚಾಚಬಾರದು. ಮಾಮೂಲಿ ಸೆಲ್ಲೋಟೇಪಿನ ಗೋಂದು ಬೇಸಿಗೆಯಲ್ಲಿ ಒಸರಿ ಪಕ್ಕದ ಸುತ್ತನ್ನೂ ಹಿಡಿದುಕೊಳ್ಳುತ್ತದೆ. ಹಾಳಾದ ತುಂಡನ್ನು ಐದು ಸೆಂಟಿಮೀಟರ್ ಕತ್ತರಿಸಿ ಎಸೆದರೆ ಹೋಗುವುದು ಒಂದೇ ಸೆಕೆಂಡಿನ ಹಾಡು. "ಒಂದು ಉಸಿರು ಹೋಯ್ತು ಅಷ್ಟೆ, ಅಳಬೇಡ."

ಇನ್ನು ಕಿವಿಯ ಕಥೆ. ಕ್ಯಾಸೆಟ್ಟಿನ ಎ ಸೈಡನ್ನು ಎದುರಿಗೆ ಹಿಡಿದು, ಟೇಪು ಕಾಣುವ ಅಂಚು ಕೆಳಗಿದ್ದರೆ, ಮೇಲಂಚಿನ ಎಡಗಡೆಯ ಪ್ಲಾಸ್ಟಿಕ್ ಕಿವಿ ಆ ಬದಿಯ ಕಾವಲುಗಾರ. ಅದನ್ನು ಮುರಿದರೆ ರೆಕಾರ್ಡ್ ಗುಂಡಿ ಒತ್ತಲಾಗುವುದಿಲ್ಲ. ತೂತಿಗೆ ಸೆಲ್ಲೋಟೇಪ್ ಹಚ್ಚಿದರೆ ಮತ್ತೆ ಒತ್ತಬಹುದು. ಬೆಳಗಿನ ಪ್ರಾರ್ಥನೆಯ ಕ್ಯಾಸೆಟ್ಟಿನ ಕಿವಿಯನ್ನು ಮೇಷ್ಟ್ರೇ ಮುರಿದಿದ್ದರು. 1988ರ ಒಂದು ಸೋಮವಾರ ಕೈಮುಗಿದು ನಿಂತ ನಾನೂರು ಮಕ್ಕಳ ಮುಂದೆ ಪ್ರಾರ್ಥನೆಯ ಎರಡನೇ ಚರಣ ಕಟ್ ಆಗಿ ರವಿಚಂದ್ರನ್ ಹಾಡು ಮೊಳಗಿತು. ಹತ್ತನೆಯ ತರಗತಿಯ ಸಾಲು ಮಾತ್ರ ನಗಲಿಲ್ಲ, ಅಲ್ಲೇ ಸಿಕ್ಕಿಬಿದ್ದಿತು.

ಯಾರೆಂದು ಬಾಯಿ ಬಿಡಿಸಲು ಮೇಷ್ಟ್ರು ಹೋಗಲಿಲ್ಲ. ಕ್ರಾಫ್ಟ್ ಕೋಣೆಯಲ್ಲಿ ಕೂತು ಹಾಡಿನ ಕೊನೆಯನ್ನೇ ಮೂರು ಸಲ ಕೇಳಿದರು. ಆ ಕಾಲದ ಸೆಟ್ಟುಗಳ ಒಳಮೈಕಿನಲ್ಲಿ ರೆಕಾರ್ಡ್ ಮಾಡಿದರೆ, ಸದ್ದು ಕಡಿಮೆಯಾದ ಕೂಡಲೇ ಯಂತ್ರ ತಾನೇ ಮೈಕನ್ನು ಏರಿಸಿಕೊಳ್ಳುತ್ತದೆ. ಹಾಡು ನಿಂತ ಎರಡು ಸೆಕೆಂಡಿನಲ್ಲಿ ಹಿಂದಿನಿಂದ ಹಿಟ್ಟಿನ ಗಿರಣಿಯ ಟುಕುಟುಕು ಎದ್ದು ಬಂದಿತ್ತು. ಊರಿಗಿದ್ದದ್ದು ಒಂದೇ ಗಿರಣಿ, ಅದರ ಪಕ್ಕದ ಮನೆಯಿಂದ ಹತ್ತನೆಯ ತರಗತಿಗೆ ಬರುತ್ತಿದ್ದವನೂ ಒಬ್ಬನೇ. ಪರೀಕ್ಷೆಯವರೆಗೆ ವಾರಕ್ಕೊಮ್ಮೆ ಹೆಡ್ಡು, ರೋಲರು ಒರೆಸುವ ಕೆಲಸ ಅವನ ತಲೆಗೆ ಬಿತ್ತು: ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಕಂದು ಪುಡಿ ಹತ್ತಿಗೆ ಬರುವುದು ನಿಲ್ಲುವವರೆಗೆ. ಆ ಪುಡಿ ಕೂತರೆ ಹಾಡಿನಲ್ಲಿ ಮೊದಲು ಸಾಯುವುದು ತಾಳದ ಕಿಣಿಕಿಣಿ. ಇಂದು ಸ್ಮಾರ್ಟ್ ಕ್ಲಾಸಿನ ಪರದೆ ಕೆಟ್ಟರೆ ಕಂಪನಿಯವರು ಬರುವವರೆಗೆ ಬಟ್ಟೆ ಹೊದಿಸಿಡುತ್ತಾರೆ. ಬಿಚ್ಚಿದರೆ ವಾರಂಟಿ ಹೋಗುತ್ತದಂತೆ.

ಪೆಟ್ಟಿಗೆಯಲ್ಲಿ 43 ಕ್ಯಾಸೆಟ್ಟುಗಳಿವೆ. ಕಂಪ್ಯೂಟರಿಗೆ ಇಳಿಸುವ ಉತ್ಸಾಹವಿರುವವರು ದಯವಿಟ್ಟು ಒಮ್ಮೆಲೇ ಪ್ಲೇ ಒತ್ತಬೇಡಿ. ಶಾಲೆಯ ಹಳೆಯ ಸೆಟ್ಟಿನ ಬೆಲ್ಟು ಕರಗಿ ಡಾಂಬರಿನಂತಾಗಿದೆ, ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಹೊಸದು ಹಾಕಬೇಕು. ಹನ್ನೊಂದು ಕ್ಯಾಸೆಟ್ಟುಗಳಲ್ಲಿ ಟೇಪನ್ನು ಹೆಡ್ಡಿಗೆ ಒತ್ತುವ ಬಟ್ಟೆಯ ಸಣ್ಣ ದಿಂಬು ಉದುರಿಹೋಗಿದೆ, ಹಾಗೇ ಹಾಕಿದರೆ ಹಾಡು ಮಂಕು. ಖಾಲಿ ಕ್ಯಾಸೆಟ್ಟೊಂದರ ಐದು ಸ್ಕ್ರೂ ಬಿಚ್ಚಿ, ಅದರ ದಿಂಬನ್ನು ತಗಡಿನ ಸಮೇತ ಇದಕ್ಕೆ ಹಾಕಿದರಾಯಿತು. ಪ್ರಾರ್ಥನೆಯ ಕ್ಯಾಸೆಟ್ಟೂ ಆ ಹನ್ನೊಂದರಲ್ಲಿದೆ, ಕಿವಿಯ ತೂತಿನ ಮೇಲೆ ಸೆಲ್ಲೋಟೇಪು ಹಳದಿಯಾಗಿ ಇನ್ನೂ ಅಂಟಿಕೊಂಡಿದೆ. ಸ್ಕ್ರೂಡ್ರೈವರ್ ಅದೇ ಪೆಟ್ಟಿಗೆಯ ತಳದಲ್ಲಿದೆ.