ಬಾನೆಟ್ ಮುಗಿಯಿತು, ಎಡಗಡೆಯ ಬಾಗಿಲುಗಳು ಉಳಿದಿವೆ

ಮೊದಲ ಶನಿವಾರ

ಕಾರಿಗೆ ಹನ್ನೆರಡು ವರ್ಷ. ಬಣ್ಣ ಕಡುನೀಲಿ. ನೆರಳಿನಲ್ಲಿ ನಿಂತಾಗ ಯಾವ ಕುಂದೂ ಕಾಣದು; ಬಿಸಿಲಿಗೆ ಬಂದ ಕೂಡಲೇ ಬಾನೆಟ್ ಮೇಲೆ ಸೂರ್ಯನ ಬಿಂಬದ ಸುತ್ತ ಜೇಡರ ಬಲೆ ಹರಡಿಕೊಳ್ಳುತ್ತದೆ. ಗೀರುಗಳು ನಿಜಕ್ಕೂ ಸುತ್ತು ಸುತ್ತಾಗಿಲ್ಲ. ಅವು ಎಲ್ಲ ದಿಕ್ಕಿಗೂ ಇವೆ. ಬೆಳಕಿಗೆ ಅಡ್ಡಲಾಗಿ ಬಿದ್ದವು ಮಾತ್ರ ಮಿನುಗುವುದರಿಂದ ಕಣ್ಣಿಗೆ ವೃತ್ತಗಳಂತೆ ತೋರುತ್ತವೆ. ಧೂಳಿನ ಮೈಯನ್ನು ಒಣಬಟ್ಟೆಯಿಂದ ಒರೆಸುತ್ತಾ ಬಂದ ವರ್ಷಗಳ ಗುರುತು ಇದು.

ಕಳೆದ ತಿಂಗಳು ಬಫರ್, ಅಂದರೆ ಪ್ಯಾಡ್ ತಿರುಗಿಸಿ ಕಾರಿನ ಮೈ ಉಜ್ಜುವ ಯಂತ್ರ, ಕೈಗೆ ಬಂದ ದಿನವೇ ಅದರಿಂದ ನೇರವಾಗಿ ವ್ಯಾಕ್ಸ್ ಹಚ್ಚಿದ್ದೆ. ಎರಡು ವಾರ ಕಾರು ಝಗಝಗಿಸಿತು. ಆಮೇಲೆ ಬಲೆ ಇದ್ದಲ್ಲೇ ಇತ್ತು. ವ್ಯಾಕ್ಸ್ ಗೀರನ್ನು ತುಂಬಿ ಮರೆಮಾಡುತ್ತದೆ, ಅಳಿಸುವುದಿಲ್ಲ. ಅಳಿಸುವುದು ಪಾಲಿಶ್, ಅದರೊಳಗಿನ ನುಣುಪಾದ ಪುಡಿ ಗೀರಿನ ಸುತ್ತಲಿನ ಮೇಲ್ಪದರವನ್ನೇ ಸವೆಸಿ ಸಮಮಾಡುತ್ತದೆ. ಬಣ್ಣದ ಮೇಲಿರುವ ಆ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ. ತಲೆಗೂದಲಿಗಿಂತ ತೆಳು. ಸವೆದದ್ದು ಮತ್ತೆ ಬೆಳೆಯುವುದಿಲ್ಲ ಎಂಬ ಅರಿವಿನಿಂದ ಈ ಸಲ ಎಲ್ಲವನ್ನೂ ಮೊದಲಿನಿಂದ, ಕ್ರಮವಾಗಿ ಮಾಡುತ್ತಿದ್ದೇನೆ.

ಇಂದು ತೊಳೆಯುವ ಕೆಲಸ ಮಾತ್ರ. ಎರಡು ಬಕೆಟ್: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಬಳಿಕ ಕಬ್ಬಿಣದ ಕಣ ಕರಗಿಸುವ ದ್ರಾವಣ ಸಿಂಪಡಿಸಿದೆ. ಚಕ್ರದ ಹಿಂಭಾಗದ ತಗಡಿನ ಮೇಲೆ ಅದು ನೇರಳೆ ಬಣ್ಣಕ್ಕೆ ತಿರುಗಿ ಇಳಿಯಿತು. ಬ್ರೇಕಿನಿಂದ ಹಾರಿದ ಪುಡಿ ಅಷ್ಟೊಂದು ಕಚ್ಚಿಕೊಂಡಿತ್ತು. ಕೊನೆಗೆ ಕ್ಲೇ ಬಾರ್, ಮೈಗೆ ಕಚ್ಚಿಕೊಂಡ ಕೊಳೆಯನ್ನು ಎತ್ತುವ ಜೇಡಿಮಣ್ಣಿನಂಥ ಮುದ್ದೆ. ತೆಳ್ಳನೆಯ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಮೈ ಸವರಿದರೆ ಬರಿಗೈಗೆ ತಿಳಿಯದ ಒರಟು ತಿಳಿಯುತ್ತದೆ. ಮೇಲ್ಛಾವಣಿಯೇ ಎಲ್ಲಕ್ಕಿಂತ ಒರಟಾಗಿತ್ತು. ಕ್ಲೇ ತುಂಡೊಂದು ನೆಲಕ್ಕೆ ಬಿತ್ತು, ಅದನ್ನು ಎಸೆದೆ. ಮರಳಿನ ಒಂದು ಕಣ ಅಂಟಿದ್ದರೂ ಹೊಸ ಗೀರು ಖಂಡಿತ.

ಎರಡನೆಯ ಶನಿವಾರ

ಇಡೀ ದಿನ ಬಾನೆಟ್‌ನ ಒಂದು ಮೂಲೆಯಲ್ಲೇ ಕಳೆಯಿತು. ಅದಕ್ಕೆ ಬೇಸರವಿಲ್ಲ, ಇಷ್ಟು ಕಲಿತ ದಿನ ಬೇರೊಂದಿಲ್ಲ.

ನನ್ನದು ಡ್ಯುಯಲ್ ಆಕ್ಷನ್ ಯಂತ್ರ. ಪ್ಯಾಡ್ ತನ್ನ ಸುತ್ತ ತಿರುಗುವುದರ ಜೊತೆಗೆ 15 ಮಿಲಿಮೀಟರ್‌ನ ಪುಟ್ಟ ಕಕ್ಷೆಯಲ್ಲಿ ಓಲಾಡುತ್ತದೆ. ಒಂದೇ ಅಕ್ಷದ ಮೇಲೆ ಗರಗರ ಸುತ್ತುವ ರೋಟರಿ ಯಂತ್ರ ಬೇಗ ಕತ್ತರಿಸುತ್ತದೆ, ಆದರೆ ಅಷ್ಟೇ ಬೇಗ ಬಿಸಿಯನ್ನೂ ಎಬ್ಬಿಸುತ್ತದೆ. ಹದ ತಪ್ಪಿದರೆ ಬಣ್ಣವನ್ನೇ ಸುಡುತ್ತದೆ. ಅದನ್ನು ಹಿಡಿಯುವಷ್ಟು ನನ್ನ ಕೈ ಇನ್ನೂ ಪಳಗಿಲ್ಲ.

ಐವತ್ತು ಸೆಂಟಿಮೀಟರ್ ಚೌಕಕ್ಕೆ ಸುತ್ತ ಟೇಪ್ ಹಚ್ಚಿದೆ. ಮೊದಲು ಮೆದು ಪ್ಯಾಡ್, ನಯ ಪಾಲಿಶ್. ಹೊಳಪು ಬಂತು, ಗೀರು ಉಳಿಯಿತು. ನಂತರ ಮಧ್ಯಮ ಫೋಮ್ ಪ್ಯಾಡ್, ಅದರ ಮೇಲೆ ಬಟಾಣಿ ಗಾತ್ರದ ನಾಲ್ಕು ಹನಿ. ಅರ್ಧದಷ್ಟು ಗೀರು ಹೋಯಿತು. ಇನ್ನಷ್ಟು ಹೋಗಲೆಂದು ಎರಡೂ ಕೈಗಳ ಭಾರ ಹಾಕಿ ಒತ್ತಿದೆ. ಫಲಿತಾಂಶ ಕೆಟ್ಟಿತು: ಪ್ಯಾಡ್ ಮುಟ್ಟಲಾಗದಷ್ಟು ಬಿಸಿ, ಗೀರು ಮಾತ್ರ ಹಾಗೇ.

ಕಾರಣ ಹೊಳೆಯಲು ಒಂದು ಗಂಟೆ ಹಿಡಿಯಿತು. ಪ್ಯಾಡ್ ಕೂರುವ ತಟ್ಟೆಯ ಅಂಚಿನಲ್ಲಿ ಕಪ್ಪು ಮಾರ್ಕರ್‌ನಿಂದ ಒಂದು ಗೆರೆ ಎಳೆದು ಮತ್ತೆ ಚಾಲೂ ಮಾಡಿದೆ. ಒತ್ತಿದ ಕ್ಷಣವೇ ಗೆರೆ ನಿಂತುಬಿಟ್ಟಿತು! ಪ್ಯಾಡ್ ತಿರುಗುತ್ತಲೇ ಇರಲಿಲ್ಲ, ನಿಂತಲ್ಲೇ ನಡುಗುತ್ತಿತ್ತು. ಈ ಯಂತ್ರದಲ್ಲಿ ಪ್ಯಾಡಿನ ತಿರುಗುವಿಕೆಗೆ ಮೋಟಾರಿನ ನೇರ ಹಿಡಿತವಿಲ್ಲ. ಒತ್ತಡ ಹೆಚ್ಚಾದರೆ ಅಥವಾ ಪ್ಯಾಡ್ ಓರೆಯಾದರೆ ಅದು ಸುಮ್ಮನಾಗುತ್ತದೆ. ನನ್ನ ಬಲವೇ ಕೆಲಸವನ್ನು ತಡೆಯುತ್ತಿತ್ತು.

ಆಮೇಲೆ ಗೆರೆಯ ಮೇಲೆಯೇ ಕಣ್ಣಿಟ್ಟೆ. ಯಂತ್ರದ ಸ್ವಂತ ಭಾರ, ಅದರ ಮೇಲೆ ಅಂಗೈಯ ಸ್ವಲ್ಪ ಒತ್ತು. ಪ್ಯಾಡ್ ಮಟ್ಟಸವಾಗಿ ಕೂತಿರಬೇಕು. ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್ ನಡಿಗೆ. ಪ್ರತಿ ಸಾಲು ಹಿಂದಿನದರ ಅರ್ಧವನ್ನು ಮುಚ್ಚುವಂತೆ ಮೊದಲು ಅಡ್ಡಲಾಗಿ, ಮತ್ತೆ ಉದ್ದಕ್ಕೆ. ಇಂಥ ನಾಲ್ಕು ಸುತ್ತು. ಪಾಲಿಶಿನ ಎಣ್ಣೆ ಗೀರನ್ನು ಮುಚ್ಚಿಟ್ಟು ಮೋಸ ಮಾಡದಿರಲೆಂದು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದೆ. ಟೇಪಿನ ಆಚೆ ಬಲೆ, ಈಚೆ ತಿಳಿನೀರಿನಂಥ ನೀಲಿ. ನಾನು ಬಹಳ ಹೊತ್ತು ಆ ಗಡಿಯನ್ನೇ ನೋಡುತ್ತಾ ಕುಳಿತಿದ್ದೆ.

ಮೂರನೆಯ ಶನಿವಾರ

ಬಾನೆಟ್, ಮೇಲ್ಛಾವಣಿ, ಬಲಗಡೆ ಪೂರ್ತಿ. ಹದ ಸಿಕ್ಕ ಮೇಲೆ ಕೆಲಸ ತಾನಾಗಿ ಸಾಗಿತು. ಪ್ರತಿ ಭಾಗ ಮುಗಿದ ಕೂಡಲೇ ಪ್ಯಾಡನ್ನು ಬ್ರಷ್‌ನಿಂದ ಕೆದರಿ ಚೊಕ್ಕ ಮಾಡಬೇಕು. ಸವೆದ ಬಣ್ಣ, ಒಣಗಿದ ಪಾಲಿಶ್ ತುಂಬಿಕೊಂಡರೆ ಎಂಥ ಪ್ಯಾಡೂ ಕೆಲಸ ಮಾಡದು. ಬಾನೆಟ್‌ನ ನಡುವಿನ ಏಣು ಮತ್ತು ಬಾಗಿಲಿನ ಅಂಚುಗಳಿಗೆ ಟೇಪ್ ಕಡ್ಡಾಯ, ಏಕೆಂದರೆ ಅಲ್ಲಿ ಪದರ ತೆಳುವಾಗಿರುತ್ತದೆ, ಪ್ಯಾಡಿನ ಒತ್ತಡವೂ ಅಲ್ಲೇ ಸೇರುತ್ತದೆ. ಕಿಟಕಿಯ ಕೆಳಗಿನ ಕಪ್ಪು ಪಟ್ಟಿಗೆ ಟೇಪ್ ಹಚ್ಚಲು ಮರೆತದ್ದರಿಂದ ಬಿಳಿಕಲೆ ಕೂತಿತು. ಮೆದು ಬ್ರಷ್ ಹಿಡಿದು ಅರ್ಧ ಗಂಟೆ ಉಜ್ಜಿದ ಮೇಲೆ ಹೋಯಿತು. ಬಂಪರ್ ಮೇಲೆ ಎರಡೇ ಸುತ್ತು: ಪ್ಲಾಸ್ಟಿಕ್ ಲೋಹದಂತೆ ಶಾಖವನ್ನು ಹರಡುವುದಿಲ್ಲ.

ಸಂಜೆ ಮುಗಿದ ಭಾಗಗಳಿಗೆ ವ್ಯಾಕ್ಸ್. ಅದರಲ್ಲಿರುವ ಕಾರ್ನೌಬಾ ಮೇಣ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುತ್ತದೆ. ಅದು ಕರಗಲು 80 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖ ಬೇಕು; ಹಾಗೇ ಹಚ್ಚಲಾಗದಷ್ಟು ಗಟ್ಟಿಯಾದ್ದರಿಂದ ಎಣ್ಣೆ, ದ್ರಾವಕ ಬೆರೆಸಿ ಡಬ್ಬಿಗೆ ತುಂಬುತ್ತಾರೆ. ತೀರ ಮೆದುವಾದ ಹೊಸ ಪ್ಯಾಡ್, ಅತಿ ಕಡಿಮೆ ವೇಗ, ಕಣ್ಣಿಗೆ ಕಂಡೂ ಕಾಣದಷ್ಟು ತೆಳು ಲೇಪ. ದಪ್ಪ ಹಚ್ಚಿದರೆ ಒರೆಸುವ ಕಷ್ಟ ಹೆಚ್ಚುತ್ತದೆಯೇ ಹೊರತು ಹೊಳಪಲ್ಲ. ಮಬ್ಬು ಕವಿದ ಮೇಲೆ ಬೆರಳಿನಿಂದ ಎಳೆದಾಗ ಗೆರೆ ಸ್ವಚ್ಛವಾಗಿ ಬಂದರೆ ಒರೆಸುವ ಸಮಯ. ಒರೆಸಲು ನಾನು ಯಂತ್ರ ಬಳಸಲಿಲ್ಲ. ಮೈಕ್ರೋಫೈಬರ್ ಬಟ್ಟೆಯ ಕೆಳಗೆ ನೀಲಿ ಹೊರಬರುವುದನ್ನು ಕೈಯಿಂದಲೇ ಅನುಭವಿಸಬೇಕೆನಿಸಿತು.

ಎಡಗಡೆ ಬಾಕಿ ಇದೆ. ಹಿಂದಿನ ಬಾಗಿಲಿನಲ್ಲಿ ಒಂದು ಗೀರಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಅಷ್ಟು ಆಳದ್ದನ್ನು ಅಳಿಸಹೊರಟರೆ ಸುತ್ತಲಿನ ಕ್ಲಿಯರ್ ಕೋಟ್ ಉಳಿಯುವುದಿಲ್ಲ. ಅದರ ಅಂಚುಗಳನ್ನಷ್ಟೇ ಮೃದುಗೊಳಿಸಿ ಗೀರನ್ನು ಹಾಗೇ ಬಿಡುತ್ತೇನೆ. ಪ್ಯಾಡ್‌ಗಳನ್ನು ತೊಳೆದು ಒಣಗಲು ಇಟ್ಟಿದ್ದೇನೆ. ತಟ್ಟೆಯ ಮೇಲಿನ ಕಪ್ಪು ಗೆರೆ ಮಾಸಿತ್ತು, ಮತ್ತೆ ಎಳೆದೆ.